ಬ್ರಾಡ್‌ಬರಿ ರಾಬಿನ್ಸನ್ ಮತ್ತು ಮೊದಲ ಫಾರ್ವರ್ಡ್ ಪಾಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕನ್ ಫುಟ್‌ಬಾಲ್ ನೋಡಲು ಶುರು ಮಾಡಿದ ಕನ್ನಡದ ಗೆಳೆಯರು ಒಂದಲ್ಲ ಒಂದು ದಿನ ಕೇಳುತ್ತಾರೆ: ಇಷ್ಟು ದೂರಕ್ಕೆ ಚೆಂಡು ಎಸೆಯುವುದನ್ನು ಮೊದಲು ಶುರು ಮಾಡಿದ್ದು ಯಾರು? ನಾನು ಬ್ರಾಡ್‌ಬರಿ ರಾಬಿನ್ಸನ್ ಹೆಸರು ಹೇಳುತ್ತೇನೆ. ಅಲ್ಲಿಂದ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಕೆಲವು ಪತ್ರದಲ್ಲಿ ಬಂದವು, ಕೆಲವು ಫೋನಿನಲ್ಲಿ, ಜಾಸ್ತಿ ಬಂದದ್ದು ಮ್ಯಾಚ್ ನೋಡುತ್ತ ಕೂತಾಗ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಜೋಡಿಸಿದ್ದೇನೆ. ಆಟವೇ ಗೊತ್ತಿಲ್ಲದವರು ಮೊದಲಿನಿಂದ ಓದಿ. ಗೊತ್ತಿರುವವರು ಮೂರನೆಯ ಭಾಗಕ್ಕೆ ನೇರವಾಗಿ ಹೋಗಬಹುದು.

## ಮೊದಲ ಪರಿಚಯ

ಯಾರೀ ರಾಬಿನ್ಸನ್? ಹೆಸರೇ ಕೇಳಿಲ್ವಲ್ಲ?

ಅಮೆರಿಕದಲ್ಲೂ ಹೆಚ್ಚಿನವರು ಕೇಳಿಲ್ಲ. ಅದೇ ನನಗೆ ಬೇಸರ.

ಬ್ರಾಡ್‌ಬರಿ ರಾಬಿನ್ಸನ್ 1884ರಲ್ಲಿ ಒಹಾಯೊ ರಾಜ್ಯದ ಬೆಲ್‌ವ್ಯೂ ಎಂಬ ಊರಲ್ಲಿ ಹುಟ್ಟಿದರು. ಬೆಳೆದದ್ದು ವಿಸ್ಕಾನ್ಸಿನ್ ರಾಜ್ಯದ ಬಾರಬೂನಲ್ಲಿ. ರಿಂಗ್ಲಿಂಗ್ ಸಹೋದರರ ಪ್ರಸಿದ್ಧ ಸರ್ಕಸ್ ಶುರುವಾದದ್ದೂ ಅದೇ ಊರಲ್ಲಿ, ಅದೇ 1884ರಲ್ಲಿ. ಮೊದಲು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಆಡಿದರು. ಆಮೇಲೆ ವೈದ್ಯಕೀಯ ಓದಲು ಮಿಸ್ಸೌರಿಯ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಓದುತ್ತಲೇ ಆಡುತ್ತಿದ್ದಾಗ, 1906ರ ಸೆಪ್ಟೆಂಬರ್ 5ರಂದು, ನಿಯಮಬದ್ಧವಾದ ಮೊದಲ ಫಾರ್ವರ್ಡ್ ಪಾಸ್ ಎಸೆದರು, ಅಂದರೆ ಚೆಂಡನ್ನು ಕೈಯಿಂದ ಮುಂದಕ್ಕೆ ತಮ್ಮ ತಂಡದವನಿಗೆ ಎಸೆದರು. ಆಗ ಅವರಿಗೆ 22 ವರ್ಷ.

ಫುಟ್‌ಬಾಲ್ ಅಂದ್ರೆ ಕಾಲಲ್ಲಿ ಒದೆಯೋದಲ್ವಾ? ಎಸೆಯೋದು ಎಲ್ಲಿಂದ ಬಂತು?

ನಾವು ಫುಟ್‌ಬಾಲ್ ಅನ್ನುವುದನ್ನು ಅಮೆರಿಕದವರು ಸಾಕರ್ ಅನ್ನುತ್ತಾರೆ. ಇದು ಬೇರೆ ಆಟ. ಇದರ ಬೇರು ರಗ್ಬಿಯಲ್ಲಿದೆ. ಎರಡೂ ಕಡೆ ಹನ್ನೊಂದು ಹನ್ನೊಂದು ಜನ. ಚೆಂಡನ್ನು ಎದುರಾಳಿಯ ಗೆರೆ ದಾಟಿಸಬೇಕು. ದಾಟಿಸಿದರೆ ಅದು ಟಚ್‌ಡೌನ್.

ಕಬಡ್ಡಿ ನೋಡಿದವರಿಗೆ ಇದನ್ನು ಬೇಗ ಹೇಳಬಹುದು. ಅಲ್ಲಿ ಒಂದೊಂದು ರೈಡ್ ಬೇರೆ ಬೇರೆ ಇರುವ ಹಾಗೆ ಇಲ್ಲಿ ಆಟ ತುಂಡು ತುಂಡಾಗಿ ನಡೆಯುತ್ತದೆ. ಒಂದೊಂದು ತುಂಡಿಗೆ ಡೌನ್ ಎಂದು ಹೆಸರು. ಇಷ್ಟು ಡೌನ್ ಒಳಗೆ ಇಷ್ಟು ಗಜ ಮುಂದೆ ಹೋಗಬೇಕು ಎಂಬ ಲೆಕ್ಕ ಇರುತ್ತದೆ. ಹೋಗದಿದ್ದರೆ ಚೆಂಡು ಎದುರಾಳಿಗೆ. ಒಂದು ಗಜ ಎಂದರೆ ಮೂರು ಅಡಿ.

ಚೆಂಡು ಮುಂದಕ್ಕೆ ಎಸೆದ್ರೆ ಅದೇನು ಅಂಥ ದೊಡ್ಡ ವಿಷಯ?

ರಗ್ಬಿಯಲ್ಲಿ ಇವತ್ತಿಗೂ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ. ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ ಕೊಡಬೇಕು. ಅಮೆರಿಕನ್ ಫುಟ್‌ಬಾಲಿನಲ್ಲೂ 1906ರವರೆಗೆ ಇದೇ ಕಟ್ಟಳೆ ಇತ್ತು.

ಅದರ ಪರಿಣಾಮ ಊಹಿಸಿ ನೋಡಿ. ಚೆಂಡು ಮುಂದೆ ಹೋಗಬೇಕಾದರೆ ಯಾರಾದರೂ ಅದನ್ನು ಎದೆಗವುಚಿಕೊಂಡು ಎದುರಿನ ಜನರ ಗೋಡೆಗೆ ನುಗ್ಗಬೇಕು. ತಂಡದ ಉಳಿದವರು ಹಿಂದಿನಿಂದ ತಳ್ಳಬೇಕು. ಹಾಗಾಗಿ ಇಪ್ಪತ್ತೆರಡು ಜನರೂ ಒಂದೇ ಕಡೆ ರಾಶಿ ಬೀಳುತ್ತಿದ್ದರು. ಮುಂದಕ್ಕೆ ಎಸೆಯಬಹುದು ಎಂದಾದ ತಕ್ಷಣ ಮೈದಾನವಿಡೀ ತೆರೆದುಕೊಂಡಿತು. ಚೆಂಡು ಎಲ್ಲಿಗೆ ಬೇಕಾದರೂ ಹಾರಬಹುದು, ಅದಕ್ಕೆ ತಡೆಯುವವರು ಹರಡಿ ನಿಲ್ಲಲೇಬೇಕು. ಇವತ್ತು ಟಿವಿಯಲ್ಲಿ ನೋಡುವ ಆಟ ಹುಟ್ಟಿದ್ದು ಆ ಒಂದು ಬದಲಾವಣೆಯಿಂದ.

ಆಟದಲ್ಲಿ ಹುಡುಗರು ಸಾಯ್ತಾ ಇದ್ರು ಅಂತಾರೆ, ನಿಜಾನಾ?

ನಿಜ. 1905ರ ಒಂದೇ ಸೀಸನ್ನಿನಲ್ಲಿ ಕನಿಷ್ಠ 18 ಜನ ಸತ್ತರು ಎಂದು ಅಂದಿನ ಪತ್ರಿಕೆಗಳು ಲೆಕ್ಕ ಕೊಟ್ಟವು. ಅವರಲ್ಲಿ ಹೆಚ್ಚಿನವರು ಶಾಲೆಯ ಹುಡುಗರು, ಊರ ತಂಡಗಳಲ್ಲಿ ಆಡುತ್ತಿದ್ದವರು. ಗಟ್ಟಿ ಹೆಲ್ಮೆಟ್ ಇರಲಿಲ್ಲ. ಚರ್ಮದ ಟೋಪಿ ಇತ್ತು, ಅದನ್ನೂ ಹಾಕಲೇಬೇಕೆಂಬ ನಿಯಮ ಇರಲಿಲ್ಲ. ರಾಶಿಯ ಕೆಳಗೆ ಬಿದ್ದವನ ತಲೆ, ಕತ್ತು, ಹೊಟ್ಟೆಗೆ ಪೆಟ್ಟು ಬೀಳುತ್ತಿತ್ತು.

ಅದೇ ವರ್ಷ ನವೆಂಬರ್ 25ರಂದು ಯೂನಿಯನ್ ಕಾಲೇಜಿನ ಹೆರಾಲ್ಡ್ ಮೂರ್ ಎಂಬ ಆಟಗಾರ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎದುರು ಆಡುವಾಗ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಆ ವಿಶ್ವವಿದ್ಯಾಲಯದ ಚಾನ್ಸೆಲರ್ ಹೆನ್ರಿ ಮೆಕ್ರಾಕನ್ ಉಳಿದ ಕಾಲೇಜುಗಳಿಗೆ ಬುಲಾವ್ ಕಳಿಸಿದರು. ಡಿಸೆಂಬರ್ ಕೊನೆಗೆ 62 ಕಾಲೇಜುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿದರು. ಅಲ್ಲಿ ಹುಟ್ಟಿದ, ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಘವೇ 1910ರಲ್ಲಿ ಎನ್‌ಸಿಎಎ ಎಂಬ ಹೆಸರು ಪಡೆಯಿತು. ಕೊಲಂಬಿಯಾ ವಿಶ್ವವಿದ್ಯಾಲಯ ಆಟವನ್ನೇ ನಿಲ್ಲಿಸಿತು. ಕ್ಯಾಲಿಫೋರ್ನಿಯಾದ ದೊಡ್ಡ ವಿಶ್ವವಿದ್ಯಾಲಯಗಳು ರಗ್ಬಿಗೆ ಹೊರಳಿದವು.

ಫಾರ್ವರ್ಡ್ ಪಾಸ್ ಬಗ್ಗೆ ಮಾತಾಡುವಾಗ ಈ ಹುಡುಗರನ್ನು ಮರೆಯಬಾರದು. ಆ ನಿಯಮ ಬಂದದ್ದು ಜೀವ ಉಳಿಸಲು. ಆಟಕ್ಕೆ ರಂಗು ಬಂದದ್ದು ಆಮೇಲೆ.

ಅಧ್ಯಕ್ಷ ರೂಸ್‌ವೆಲ್ಟ್ ಅವರೇ ಫಾರ್ವರ್ಡ್ ಪಾಸ್ ತಂದರಂತೆ, ಹೌದಾ?

ಇಲ್ಲ, ಆದರೆ ಅವರ ಒತ್ತಡ ಇತ್ತು. ಥಿಯೋಡರ್ ರೂಸ್‌ವೆಲ್ಟ್ 1905ರ ಅಕ್ಟೋಬರ್ 9ರಂದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ, ಆಟವನ್ನು ಸರಿದಾರಿಗೆ ತನ್ನಿ ಎಂದರು. ಅವರ ಮಗ ಆ ವರ್ಷ ಹಾರ್ವರ್ಡ್‌ನಲ್ಲಿ ಆಡುತ್ತಿದ್ದ. ನಿಯಮ ಬರೆದದ್ದು ಮಾತ್ರ ಕಾಲೇಜುಗಳ ಸಮಿತಿ, 1906ರ ಆರಂಭದಲ್ಲಿ. ಮುಂದಕ್ಕೆ ಎಸೆಯಲು ಬಿಡಿ ಎಂದು ವರ್ಷಗಳಿಂದ ಹೇಳುತ್ತ ಬಂದವರಲ್ಲಿ ಕೋಚ್ ಜಾನ್ ಹೈಸ್‌ಮನ್ ಮುಖ್ಯರು. ಆಟದ ಹಿರಿಯ ವಾಲ್ಟರ್ ಕ್ಯಾಂಪ್ ಅವರಿಗೆ ಇದು ಅಷ್ಟು ಇಷ್ಟವಿರಲಿಲ್ಲ.

## 1906ರ ಆ ಸೀಸನ್

ಮೊದಲ ಪಾಸ್ ಎಸೆದದ್ದು ಎಲ್ಲಿ? ಸೇಂಟ್ ಲೂಯಿಸ್‌ನಲ್ಲೇ?

ಅಲ್ಲ. ವಿಸ್ಕಾನ್ಸಿನ್ ರಾಜ್ಯದ ವಾಕೆಶಾ ಎಂಬ ಊರಲ್ಲಿ, ಕ್ಯಾರಲ್ ಕಾಲೇಜಿನ ಎದುರು. ಅದೊಂದು ಬುಧವಾರ.

ಅಲ್ಲಿಗೇ ಯಾಕೆ ಹೋದರು ಎಂಬುದಕ್ಕೆ ಕಾರಣ ಇದೆ. ಕೋಚ್ ಎಡ್ಡಿ ಕೊಕೆಮ್ಸ್ ಆ ಬೇಸಿಗೆಯಲ್ಲಿ ಹುಡುಗರನ್ನು ದಕ್ಷಿಣ ವಿಸ್ಕಾನ್ಸಿನ್‌ನ ಲೇಕ್ ಬ್ಯೂಲಾ ಎಂಬ ಕೆರೆಯ ದಡಕ್ಕೆ ಕರೆದೊಯ್ದಿದ್ದರು. ಜೆಸ್ಯೂಟ್ ಪಾದ್ರಿಗಳಿಗೆ ಸೇರಿದ ತಣ್ಣನೆಯ ಜಾಗ ಅದು. ಸೇಂಟ್ ಲೂಯಿಸ್ ಕೂಡ ಜೆಸ್ಯೂಟರದೇ ವಿಶ್ವವಿದ್ಯಾಲಯ. ಅಲ್ಲಿ ಹಗಲೆಲ್ಲ ಒಂದೇ ಕೆಲಸ: ಹೊಸ ನಿಯಮದ ಎಸೆತವನ್ನು ಅಭ್ಯಾಸ ಮಾಡುವುದು. ವಾಕೆಶಾ ಅಲ್ಲಿಂದ ಹತ್ತಿರ. ಹಾಗಾಗಿ ಸೀಸನ್ನಿನ ಮೊದಲ ಮ್ಯಾಚು ಅಲ್ಲೇ ಆಯಿತು.

ಉಳಿದ ಕಾಲೇಜುಗಳು ಹೊಸ ನಿಯಮವನ್ನು ಓದಿ ಪಕ್ಕಕ್ಕಿಟ್ಟಿದ್ದ ಸಮಯ ಅದು. ಬೇಸಿಗೆಯನ್ನೆಲ್ಲ ಅದಕ್ಕೇ ಕೊಟ್ಟ ತಂಡ ಇದು. ಅವರ ಗೆಲುವಿನಲ್ಲಿ ಅದೃಷ್ಟದ ಪಾಲು ತುಂಬ ಕಡಿಮೆ ಎಂದು ನಾನು ನಂಬುವುದು ಇದಕ್ಕೇ.

ಮೊದಲ ಎಸೆತ ಯಾರ ಕೈಗೂ ಸಿಗಲಿಲ್ಲ ಅಂತ ಓದಿದೆ. ಹಾಗಿದ್ರೆ ಅದನ್ನ ಮೊದಲ ಪಾಸ್ ಅಂತ ಯಾಕೆ ಅಂತಾರೆ?

ಎರಡು ಎಸೆತಗಳನ್ನು ಬೇರೆ ಬೇರೆ ಮಾಡಿ ನೋಡಬೇಕು. ರಾಬಿನ್ಸನ್ ಜ್ಯಾಕ್ ಷ್ನೈಡರ್ ಕಡೆಗೆ ಎಸೆದ ಮೊದಲ ಚೆಂಡು ನೆಲಕ್ಕೆ ಬಿತ್ತು. ಅಂದಿನ ನಿಯಮದ ಪ್ರಕಾರ ಚೆಂಡು ಕ್ಯಾರಲ್ ತಂಡದ ಪಾಲಾಯಿತು. ಅದು ಮೊದಲ ಪ್ರಯತ್ನ.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎಸೆದರು. ಈ ಸಲ ಷ್ನೈಡರ್ ಹಿಡಿದರು. 20 ಗಜದ ಟಚ್‌ಡೌನ್. ಮೊದಲ ಪೂರ್ಣ ಪಾಸ್ ಎನ್ನುವುದು ಇದನ್ನೇ. ಮ್ಯಾಚನ್ನು ಸೇಂಟ್ ಲೂಯಿಸ್ 22–0ರಿಂದ ಗೆದ್ದಿತು.

ನನಗೆ ಇಲ್ಲಿ ಇಷ್ಟವಾಗುವುದು ಆ ಎರಡನೆಯ ಎಸೆತದ ಧೈರ್ಯ. ಒಂದು ಸಲ ಚೆಂಡು ಕಳಕೊಂಡ ಮೇಲೆ ಬಹಳ ತಂಡಗಳು ಹಳೆಯ ನುಗ್ಗಾಟಕ್ಕೇ ವಾಪಸು ಹೋಗುತ್ತಿದ್ದವು. ಇವರು ಹೋಗಲಿಲ್ಲ.

ಕೋಚ್ ಕೊಕೆಮ್ಸ್ ಬಗ್ಗೆ ಹೇಳಿ. ಐಡಿಯಾ ಅವರದ್ದೋ ರಾಬಿನ್ಸನ್‌ದೋ?

ಇಬ್ಬರದೂ. ಕೊಕೆಮ್ಸ್ ವಿಸ್ಕಾನ್ಸಿನ್‌ನ ಸ್ಟರ್ಜನ್ ಬೇ ಊರಿನವರು. ಅವರೂ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಆಡಿದ್ದವರು. ನಿಯಮ ಬದಲಾದ ಕೂಡಲೇ ಅದರ ಸುತ್ತ ಇಡೀ ಆಟವನ್ನು ಹೊಸದಾಗಿ ಕಟ್ಟಿದ್ದು ಅವರೇ. ಎಸೆಯುವವನನ್ನು ಯಾರು ಕಾಯಬೇಕು, ಹಿಡಿಯುವವನು ಎಲ್ಲಿಗೆ ಓಡಬೇಕು, ಯಾವಾಗ ಎಸೆಯುವ ಹಾಗೆ ನಟಿಸಿ ಓಡಬೇಕು, ಎಲ್ಲವನ್ನೂ ಯೋಚಿಸಿದ್ದರು. 1907ರಲ್ಲಿ ಸ್ಪಾಲ್ಡಿಂಗ್ ಕಂಪನಿಯ ಫುಟ್‌ಬಾಲ್ ಕೈಪಿಡಿಗೆ ಈ ಬಗ್ಗೆ ವಿವರವಾಗಿ ಬರೆದರು. ಅಂದರೆ ಗುಟ್ಟು ಮಾಡಲಿಲ್ಲ.

ರಾಬಿನ್ಸನ್ ಅದಕ್ಕೂ ಮೊದಲೇ, ನಿಯಮ ಬದಲಾಗಬಹುದು ಎಂಬ ಗಾಳಿಮಾತು ಇದ್ದಾಗಲೇ, ಕೈ ಮೇಲೆತ್ತಿ ಎಸೆಯುವುದನ್ನು ಅಭ್ಯಾಸ ಮಾಡುತ್ತಿದ್ದರು. ಯೋಚನೆ ಮಾಡುವ ತಲೆ ಒಂದು ಕಡೆ, ಅದನ್ನು ಮಾಡಿ ತೋರಿಸುವ ಕೈ ಇನ್ನೊಂದು ಕಡೆ. ಎರಡೂ ಒಂದೇ ಊರಲ್ಲಿ ಒಂದೇ ವರ್ಷ ಸೇರಿದವು.

ಒಂದು ಮ್ಯಾಚಲ್ಲಿ ಒಂದು ಪಾಸ್ ಎಸೆದ ಮಾತ್ರಕ್ಕೆ ಇಷ್ಟು ಹೊಗಳಬೇಕಾ?

ಒಂದೇ ಆಗಿದ್ದರೆ ಬೇಡ. ಆದರೆ ಆ ಸೀಸನ್ನಿನ ಅಂಕಿ ನೋಡಿ: 11 ಮ್ಯಾಚು, 11 ಗೆಲುವು. ಸೇಂಟ್ ಲೂಯಿಸ್ ಗಳಿಸಿದ್ದು 407 ಅಂಕ, ಬಿಟ್ಟುಕೊಟ್ಟದ್ದು 11. ಕ್ಯಾನ್ಸಸ್ ತಂಡವನ್ನು 34–2ರಿಂದ ಸೋಲಿಸಿದರು. ಸೀಸನ್ನಿನ ಕೊನೆಗೆ ಅಯೋವಾ ತಂಡವನ್ನು 39–0ರಿಂದ. ಆ ಅಯೋವಾ ಮ್ಯಾಚಿನಲ್ಲಿ ಹತ್ತು ಪಾಸ್ ಎಸೆದರು, ಎಂಟು ಕೈಗೆ ಸಿಕ್ಕವು.

ಹತ್ತರಲ್ಲಿ ಎಂಟು ಎಂದರೆ ಇವತ್ತಿನ ಒಳ್ಳೆಯ ಕ್ವಾರ್ಟರ್‌ಬ್ಯಾಕ್ (ತಂಡದಲ್ಲಿ ಪಾಸ್ ಎಸೆಯುವ ಆಟಗಾರ) ಕೂಡ ಖುಷಿಪಡುವ ಲೆಕ್ಕ. ಅದೂ ಆ ದಪ್ಪ ಚೆಂಡಿನಲ್ಲಿ, ನಿಯಮ ಬಂದ ಮೊದಲ ವರ್ಷದಲ್ಲೇ!

ಆಗ ರಾಬಿನ್ಸನ್ ಕ್ವಾರ್ಟರ್‌ಬ್ಯಾಕ್ ಆಗಿದ್ರಾ?

ಇವತ್ತಿನ ಅರ್ಥದಲ್ಲಿ ಅಲ್ಲ. ಎಸೆಯುವುದು ಕ್ವಾರ್ಟರ್‌ಬ್ಯಾಕ್‌ನ ಕೆಲಸ ಎಂದು ಆಗ ಇನ್ನೂ ಗಟ್ಟಿಯಾಗಿರಲಿಲ್ಲ. ಆಡುವವರೆಲ್ಲ ಎಲ್ಲವನ್ನೂ ಮಾಡಬೇಕಿತ್ತು. ದಾಳಿಗೂ ಅವರೇ, ರಕ್ಷಣೆಗೂ ಅವರೇ.

## ಕೈಚಳಕ, ಚೆಂಡು, ನಿಯಮ

ಆಗಿನ ಚೆಂಡು ಈಗಿನ ಥರಾನೇ ಇತ್ತಾ?

ಇಲ್ಲ. ಇವತ್ತಿನ ಚೆಂಡು ತುದಿಯಲ್ಲಿ ಚೂಪು, ನಡುಭಾಗವೂ ಆಗಿನದಕ್ಕಿಂತ ತೆಳು, ಅಂಗೈಗೆ ಒಗ್ಗುತ್ತದೆ. 1906ರದ್ದು ರಗ್ಬಿ ಚೆಂಡಿನ ಹಾಗೆ ಹೊಟ್ಟೆ ಉಬ್ಬಿದ್ದು. ಸಿಪ್ಪೆ ಸುಲಿಯದ ತೆಂಗಿನಕಾಯಿಯನ್ನು ಒಂದೇ ಕೈಯಲ್ಲಿ ಹಿಡಿದು ದೂರ ಎಸೆಯಲು ನೋಡಿ, ಕಷ್ಟ ಗೊತ್ತಾಗುತ್ತದೆ. ಒದೆಯುವುದಕ್ಕೂ ಅವುಚಿಕೊಂಡು ಓಡುವುದಕ್ಕೂ ಮಾಡಿದ ಚೆಂಡು ಅದು. ಎಸೆಯುತ್ತಾರೆ ಎಂದು ಅದನ್ನು ಹೊಲಿದವರು ಎಣಿಸಿರಲಿಲ್ಲ.

1912ರಲ್ಲಿ ನಡುವಿನ ಸುತ್ತಳತೆ 22.5ರಿಂದ 23 ಇಂಚು ಇರಬೇಕು ಎಂದು ನಿಗದಿಯಾಯಿತು. 1934ರ ಹೊತ್ತಿಗೆ ಅದು 21.25ರಿಂದ 21.5 ಇಂಚಿಗೆ ಇಳಿಯಿತು. ಎಸೆತ ಜಾಸ್ತಿಯಾದ ಹಾಗೆ ಚೆಂಡು ತೆಳ್ಳಗಾಗುತ್ತ ಹೋಯಿತು. ಉದ್ದವಾದ, ಸಪೂರವಾದ ಚೆಂಡು ಬೇಕು ಎಂದು ಕೊಕೆಮ್ಸ್ ಮೊದಲೇ ಹೇಳಿದ್ದರು.

ಅಷ್ಟು ದಪ್ಪ ಚೆಂಡನ್ನ ಹೇಗೆ ಹಿಡಿದ್ರು?

ಲೇಕ್ ಬ್ಯೂಲಾದ ಅಭ್ಯಾಸದ ಮುಖ್ಯ ಪಾಠವೇ ಇದು. ಚೆಂಡಿನ ಹೊಲಿಗೆಯ ಮೇಲೆ ದಾರದ ಲೇಸ್ ಉಬ್ಬಿಕೊಂಡಿರುತ್ತದೆ. ಕೊಕೆಮ್ಸ್ ಹುಡುಗರಿಗೆ ಹೇಳಿದ್ದು: ಬೆರಳುಗಳನ್ನು ಚೆಂಡಿನ ನಟ್ಟನಡುವೆ ಇಡಬೇಡಿ, ತುದಿಯ ಹತ್ತಿರದ ಲೇಸಿನ ಮೇಲೆ ಇಡಿ. ಅಲ್ಲಿ ಚೆಂಡು ಸಪೂರ. ಬೆರಳಿಗೆ ಲೇಸಿನ ಹಿಡಿತವೂ ಸಿಗುತ್ತದೆ. ಬಿಡುವಾಗ ಮಣಿಕಟ್ಟನ್ನು ತಿರುಗಿಸಿ.

ಸ್ವಲ್ಪ ಹೊತ್ತಿನಲ್ಲೇ ರಾಬಿನ್ಸನ್ ಓಡಿ ಬಂದು, ಇದನ್ನು ನಲವತ್ತು ಗಜ ಎಸೆಯಬಲ್ಲೆ ಎಂದು ಕೂಗಿದರಂತೆ. ಮುಂದೆ ಕೊಕೆಮ್ಸ್ ಅವರೇ ನೆನೆದು ಹೇಳಿದ ಮಾತು ಇದು. ನನಗೆ ಇಡೀ ಕತೆಯಲ್ಲಿ ಅತಿ ಪ್ರೀತಿಯ ಗಳಿಗೆ ಇದೇ. ಮೈದಾನದಲ್ಲಿ ಜನ ಇಲ್ಲ, ಪತ್ರಿಕೆಯವರಿಲ್ಲ. ಕೆರೆಯ ದಡದಲ್ಲಿ ಒಬ್ಬ ಹುಡುಗನ ಕೈಗೆ ಏನೋ ಹೊಳೆದಿದೆ, ಅವನಿಗೆ ಅದನ್ನು ಹೇಳದೆ ಇರಲಾಗುತ್ತಿಲ್ಲ.

ಅವರ ಬೆರಳು ಸೊಟ್ಟ ಇತ್ತು, ಅದಕ್ಕೇ ಎಸೆಯೋಕೆ ಆಯ್ತು ಅಂತಾರಲ್ಲ?

ಎಸೆಯುವ ಕೈಯ ಕಿರುಬೆರಳು ಸೊಟ್ಟ ಇತ್ತು, ಅದು ಸರಿ. ಚಿಕ್ಕಂದಿನಲ್ಲಿ ಆದ ಪೆಟ್ಟಿನ ಗುರುತು. ಆ ಬೆರಳಿನಿಂದಾಗಿ ಚೆಂಡು ಕೈಬಿಡುವಾಗ ತಾನಾಗೇ ತಿರುಗುತ್ತಿತ್ತು ಎನ್ನುತ್ತಾರೆ. ಸಹಾಯ ಆಗಿರಬಹುದು. ಆದರೆ ಇದನ್ನೇ ಇಡೀ ಕಾರಣ ಮಾಡಿದರೆ ಅಭ್ಯಾಸದ ಬೆಲೆ ಕಡಿಮೆ ಮಾಡಿದ ಹಾಗಾಗುತ್ತದೆ. ಅದೇ ತಂಡದಲ್ಲಿ ಬೆರಳು ನೆಟ್ಟಗಿದ್ದವರೂ ಎಸೆಯಲು ಕಲಿತರು.

ತಿರುಗಿಸಿ ಎಸೆದ್ರೆ ನೇರ ಹೋಗೋದು ಯಾಕೆ?

ಬುಗುರಿ ಆಡಿದವರಿಗೆ ಇದು ಗೊತ್ತೇ ಇದೆ. ನಿಂತ ಬುಗುರಿ ಬೀಳುತ್ತದೆ. ತಿರುಗುವ ಬುಗುರಿ ನೆಟ್ಟಗೆ ನಿಲ್ಲುತ್ತದೆ. ಜೋರಾಗಿ ತಿರುಗುವ ವಸ್ತು ತನ್ನ ಅಚ್ಚನ್ನು ಸುಲಭವಾಗಿ ಬದಲಿಸುವುದಿಲ್ಲ.

ಉದ್ದನೆಯ ಚೆಂಡನ್ನು ಸುಮ್ನೆ ಎಸೆದರೆ ಅದು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಪಲ್ಟಿ ಹೊಡೆದಾಗೆಲ್ಲ ಅದರ ಅಗಲವಾದ ಹೊಟ್ಟೆ ಗಾಳಿಗೆ ಎದುರಾಗಿ ವೇಗ ಕಳಕೊಳ್ಳುತ್ತದೆ. ಎಲ್ಲಿ ಬೀಳುತ್ತದೆ ಎಂದು ಹಿಡಿಯುವವನಿಗೆ ತಿಳಿಯುವುದಿಲ್ಲ. ಅದನ್ನೇ ಉದ್ದದ ಅಚ್ಚಿನ ಸುತ್ತ ತಿರುಗಿಸಿ ಬಿಟ್ಟರೆ ಮೂತಿ ಮುಂದಾಗಿಯೇ ಹೋಗುತ್ತದೆ. ಗಾಳಿಯ ತಡೆ ಕಡಿಮೆ, ದೂರ ಜಾಸ್ತಿ. ಇದಕ್ಕೆ ಸ್ಪೈರಲ್ ಎಂದು ಹೆಸರು. ಕೊಕೆಮ್ಸ್ ಇಂಥ ಪಾಸನ್ನು ಹಾರುವ ಗುಂಡಿಗೆ ಹೋಲಿಸಿ ಪ್ರೊಜೆಕ್ಟೈಲ್ ಪಾಸ್ ಎಂದು ಕರೆದರು.

ನನ್ನ ಮಗಳು ಇಲ್ಲಿ ಶಾಲೆಯಲ್ಲಿ ಫ್ಲ್ಯಾಗ್ ಫುಟ್‌ಬಾಲ್ (ಕೆಡವುವ ಬದಲು ಸೊಂಟದ ಪಟ್ಟಿ ಕೀಳುವ ಆಟ) ಆಡ್ತಾಳೆ. ರಾಬಿನ್ಸನ್ ಥರ ಎಸೆಯೋದು ಕಲಿಸಬಹುದಾ?

ಖಂಡಿತ. ನೂರಕ್ಕೂ ಜಾಸ್ತಿ ವರ್ಷ ಕಳೆದರೂ ಮೂಲ ಪಾಠ ಅದೇ. ಅವಳ ಕೈಗೆ ಒಗ್ಗುವ ಚಿಕ್ಕ ಚೆಂಡು ಕೊಡಿ. ಬೆರಳು ಲೇಸಿನ ಮೇಲೆ, ಚೆಂಡಿನ ಹಿಂಭಾಗದ ಕಡೆಗೆ. ಅಂಗೈಗೂ ಚೆಂಡಿಗೂ ನಡುವೆ ಸ್ವಲ್ಪ ಜಾಗ ಇರಲಿ. ಮೊದಲ ವಾರ ದೂರದ ಯೋಚನೆ ಬೇಡ, ಚೆಂಡು ತಿರುಗುತ್ತದೆಯೇ ಎಂದಷ್ಟೇ ನೋಡಿ. ದೂರ ತಾನಾಗಿ ಬರುತ್ತದೆ.

1906ರ ನಿಯಮದಲ್ಲಿ ಪಾಸ್ ಎಸೆಯೋದು ಸುಲಭ ಇತ್ತಾ?

ಎಸೆಯಲು ಅನುಮತಿ ಕೊಟ್ಟರು, ಜೊತೆಗೆ ನೂರು ಕಟ್ಟುಪಾಡು ಹಾಕಿದರು ಅನ್ನಬಹುದು.

ಚೆಂಡು ಆಟಕ್ಕೆ ಬಂದ ಜಾಗದಿಂದ ಎಡಕ್ಕೋ ಬಲಕ್ಕೋ ಕನಿಷ್ಠ 5 ಗಜ ಸರಿದ ಮೇಲೇ ಎಸೆಯಬೇಕಿತ್ತು. ರೆಫರಿಗೆ ಅದನ್ನು ಅಳೆಯಲು ಆಗಬೇಕಲ್ಲ? ಅದಕ್ಕೆ ಮೈದಾನದಲ್ಲಿ ಅಡ್ಡ ಗೆರೆಗಳ ಜೊತೆಗೆ ಉದ್ದ ಗೆರೆಗಳನ್ನೂ ಎಳೆದರು. ಮೈದಾನ ಚದುರಂಗದ ಮಣೆಯ ಹಾಗೆ ಕಾಣತೊಡಗಿತು. ಚೆಂಡು ಯಾರಿಗೂ ತಗಲದೆ ನೆಲಕ್ಕೆ ಬಿದ್ದರೆ ಅದು ನೇರ ಎದುರಾಳಿಗೆ. ಇವತ್ತು ಹಾಗಾದರೆ ಒಂದು ಡೌನ್ ಮಾತ್ರ ಹೋಗುತ್ತದೆ. 1907ರಲ್ಲಿ ಇದನ್ನು ಸಡಿಲಿಸಿ, ಮೊದಲ ಎರಡು ಡೌನ್‌ಗಳಲ್ಲಿ 15 ಗಜದ ದಂಡ ಹಾಕಿದರು. ಅದೂ ಕಡಿಮೆ ಶಿಕ್ಷೆಯಲ್ಲ.

ಇಷ್ಟು ಸಾಲದು ಎಂಬಂತೆ ಹಿಡಿಯುವವನಿಗೆ ರಕ್ಷಣೆ ಇರಲಿಲ್ಲ. ಚೆಂಡು ಬರುವ ಮೊದಲೇ ಅವನನ್ನು ಕೆಡವಬಹುದಿತ್ತು. ಬಹಳ ಕೋಚ್‌ಗಳು ಈ ಅಪಾಯ ಬೇಡ ಎಂದು ದೂರ ಉಳಿದದ್ದು ಅದಕ್ಕೇ. ಕಟ್ಟುಪಾಡುಗಳು ಒಂದೊಂದಾಗಿ ಸಡಿಲಾಗಿ, 1912ರಲ್ಲಿ ನಾಲ್ಕನೆಯ ಡೌನ್ ಬಂತು, ಟಚ್‌ಡೌನಿಗೆ 6 ಅಂಕ ಆಯಿತು, 20 ಗಜಕ್ಕಿಂತ ದೂರ ಎಸೆಯಬಾರದು ಎಂದು ನಡುವೆ ಬಂದಿದ್ದ ಮಿತಿಯೂ ಹೋಯಿತು.

## ಯಾರು ಮೊದಲು ಎಂಬ ವಾದ

ನೋಟ್ರ ಡೇಮ್ ವಿಶ್ವವಿದ್ಯಾಲಯದ ಆಟಗಾರರು ಗಸ್ ಡೊರೈಸ್, ನ್ಯೂಟ್ ರಾಕ್ನಿ ಅಲ್ವಾ ಫಾರ್ವರ್ಡ್ ಪಾಸ್ ಕಂಡುಹಿಡಿದದ್ದು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಕಂಡುಹಿಡಿದದ್ದು ಅವರಲ್ಲ. ಆದರೆ ಅವರು ಮಾಡಿದ್ದು ಸಣ್ಣದೂ ಅಲ್ಲ.

1913ರ ಬೇಸಿಗೆಯಲ್ಲಿ ಡೊರೈಸ್ ಮತ್ತು ರಾಕ್ನಿ ಒಹಾಯೊದ ಸೀಡರ್ ಪಾಯಿಂಟ್‌ನಲ್ಲಿ ಕೆಲಸಕ್ಕಿದ್ದರು. ಈರಿ ಸರೋವರದ ಮರಳಿನ ದಡ. ಬಿಡುವು ಸಿಕ್ಕಾಗೆಲ್ಲ ಒಬ್ಬರು ಎಸೆಯುವುದು, ಒಬ್ಬರು ಓಡುತ್ತ ಹಿಡಿಯುವುದು. ನವೆಂಬರ್ 1ರಂದು ವೆಸ್ಟ್ ಪಾಯಿಂಟ್‌ನಲ್ಲಿ ಸೇನೆಯ ತಂಡದ ಎದುರು ಡೊರೈಸ್ 17 ಪಾಸ್ ಎಸೆದು 14 ಪೂರ್ಣ ಮಾಡಿದರು, 243 ಗಜ. ನೋಟ್ರ ಡೇಮ್ 35–13ರಿಂದ ಗೆದ್ದಿತು. ಪೂರ್ವ ಕರಾವಳಿಯ ಪತ್ರಿಕೆಗಳು ಬೆರಗಾದವು.

ಅಷ್ಟು ಹೊತ್ತಿಗೆ ರಾಬಿನ್ಸನ್ ಎಸೆದು ಏಳು ವರ್ಷ ಕಳೆದಿತ್ತು. ರಾಕ್ನಿ ಅವರೇ ಮುಂದೆ ತಮ್ಮ ನೆನಪುಗಳಲ್ಲಿ ಕೊಕೆಮ್ಸ್ ತಂಡದ ಸಾಧನೆಯನ್ನು ಬಾಯ್ತುಂಬ ಒಪ್ಪಿಕೊಂಡು ಬರೆದರು. ಮಧ್ಯ ಪಶ್ಚಿಮದಲ್ಲಿ ನಡೆದದ್ದನ್ನು ಪೂರ್ವದವರು ಗಮನಿಸಲಿಲ್ಲ ಎಂದೂ ಹೇಳಿದರು. ಅಂಥ ದೊಡ್ಡ ಹೆಸರಿದ್ದವರು ಹಾಗೆ ಒಪ್ಪಿಕೊಂಡದ್ದು ನನಗೆ ಅವರ ಮೇಲಿನ ಗೌರವವನ್ನು ಹೆಚ್ಚಿಸಿತು.

1906ಕ್ಕೂ ಮೊದಲು ಯಾರೂ ಎಸೆದೇ ಇರಲಿಲ್ವಾ?

ಎಸೆದಿದ್ದರು. ನಿಯಮ ಒಪ್ಪುತ್ತಿರಲಿಲ್ಲ, ಅಷ್ಟೆ. 1876ರಲ್ಲಿ ಯೇಲ್‌ನ ವಾಲ್ಟರ್ ಕ್ಯಾಂಪ್ ಪ್ರಿನ್ಸ್‌ಟನ್ ಎದುರು ಬೀಳುತ್ತ ಬೀಳುತ್ತ ಚೆಂಡನ್ನು ಮುಂದಕ್ಕೆ ಎಸೆದ ಕತೆ ಇದೆ. 1895ರಲ್ಲಿ ಅಟ್ಲಾಂಟಾದಲ್ಲಿ ನಾರ್ತ್ ಕ್ಯಾರಲೈನಾ ತಂಡ ಜಾರ್ಜಿಯಾ ಎದುರು ಇಂಥದ್ದೇ ಒಂದು ಎಸೆತದಿಂದ ಅಂಕ ಗಳಿಸಿತು. ಅದನ್ನು ಕಣ್ಣಾರೆ ನೋಡಿದ ಹೈಸ್‌ಮನ್ ಅವರ ತಲೆಯಲ್ಲಿ ಆ ಯೋಚನೆ ಗಟ್ಟಿಯಾಗಿ ಕೂತಿತು. 1905ರ ಕ್ರಿಸ್ಮಸ್ ದಿನ ಕ್ಯಾನ್ಸಸ್‌ನ ವಿಚಿಟಾದಲ್ಲಿ ವಾಶ್‌ಬರ್ನ್ ಮತ್ತು ಫೇರ್‌ಮೌಂಟ್ ಕಾಲೇಜುಗಳು ಹೊಸ ನಿಯಮಗಳನ್ನು ಪರೀಕ್ಷಿಸಲೆಂದೇ ಒಂದು ಮ್ಯಾಚು ಆಡಿದವು. ಅದರಲ್ಲಿ ಪಾಸ್‌ಗಳೂ ಇದ್ದವು. ಮ್ಯಾಚು 0–0.

ಹಾಗಾಗಿ ರಾಬಿನ್ಸನ್ ಬಗ್ಗೆ ಹೇಳುವಾಗ ‘ನಿಯಮಬದ್ಧ’ ಎಂಬ ಮಾತನ್ನು ಬಿಡಬೇಡಿ.

ಯೇಲ್ ಎದುರು ವೆಸ್ಲಿಯನ್ ವಿಶ್ವವಿದ್ಯಾಲಯದ ತಂಡ ಎಸೆದದ್ದು ಮೊದಲನೆಯದು ಅಂತ ಒಬ್ಬರು ವಾದ ಮಾಡಿದ್ರು.

ಅದು 1906ರ ಅಕ್ಟೋಬರ್ 3. ರಾಬಿನ್ಸನ್ ಎಸೆದು ಸುಮಾರು ಒಂದು ತಿಂಗಳಾದ ಮೇಲೆ. ದೊಡ್ಡ ತಂಡದ ಎದುರು ನಡೆದದ್ದರಿಂದ ಅದೇ ಜಾಸ್ತಿ ಸುದ್ದಿಯಾಯಿತು.

ಹಾಗಾದ್ರೆ ಜನ ರಾಬಿನ್ಸನ್‌ರನ್ನ ಮರೆತದ್ದು ಯಾಕೆ?

ಆಗ ಫುಟ್‌ಬಾಲ್ ಎಂದರೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್. ಬರೆಯುವವರೂ ಪೂರ್ವದವರೇ. ವಾಕೆಶಾದಲ್ಲಿ ಒಂದು ಬುಧವಾರ ಏನಾಯಿತು ಎಂದು ನೋಡಲು ಅಲ್ಲಿಂದ ಯಾರು ಬರುತ್ತಾರೆ? ರೇಡಿಯೋ ಇರಲಿಲ್ಲ. 1913ರಲ್ಲಿ ವೆಸ್ಟ್ ಪಾಯಿಂಟ್‌ನ ಮ್ಯಾಚನ್ನು ನೋಡಿ ಬರೆಯಲು ಪತ್ರಕರ್ತರಿದ್ದರು. ಮುಂದೆ 1940ರಲ್ಲಿ ರಾಕ್ನಿ ಅವರ ಬದುಕಿನ ಮೇಲೆ ಹಾಲಿವುಡ್ ಚಿತ್ರ ಬಂದ ಮೇಲಂತೂ ಪಾಸ್ ಹುಟ್ಟಿದ್ದೇ ಅಲ್ಲಿ ಎಂದು ಜನರ ಮನಸ್ಸಿನಲ್ಲಿ ನಿಂತುಬಿಟ್ಟಿತು.

ಇನ್ನೊಂದು ಕಾರಣವೂ ಇದೆ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ 1949ರ ನಂತರ ಫುಟ್‌ಬಾಲ್ ತಂಡವನ್ನೇ ನಿಲ್ಲಿಸಿತು. ಪ್ರತಿ ಸೀಸನ್ನಿಗೂ ಹಳೆಯ ಕತೆ ಹೇಳಿ ಹೆಮ್ಮೆಪಡಲು ತಂಡವೇ ಇಲ್ಲದಿದ್ದರೆ ಕತೆ ಉಳಿಯುವುದು ಹೇಗೆ? ನೋಟ್ರ ಡೇಮ್‌ಗೆ ಆ ಭಾಗ್ಯ ಇವತ್ತಿಗೂ ಇದೆ. ವಿಶ್ವವಿದ್ಯಾಲಯ ತನ್ನದೇ ಕ್ರೀಡಾ ಗೌರವ ಪಟ್ಟಿಗೆ ರಾಬಿನ್ಸನ್ ಅವರನ್ನು 1995ರಲ್ಲಿ ಸೇರಿಸಿತು. ತಡವಾಯಿತು, ಆದರೆ ಸೇರಿಸಿತು.

ಚೆಂಡು ಹಿಡಿದವರ ಹೆಸರು ಯಾರೂ ಹೇಳಲ್ವಲ್ಲ?

ಜ್ಯಾಕ್ ಷ್ನೈಡರ್. ದಯವಿಟ್ಟು ಹೇಳಿ. ಅಷ್ಟು ದಪ್ಪ ಚೆಂಡು ತಿರುಗುತ್ತ ಬರುವಾಗ ಓಡುತ್ತ ಹಿಡಿಯುವುದನ್ನೂ ಯಾರೋ ಒಬ್ಬರು ಮೊದಲು ಕಲಿಯಬೇಕಿತ್ತಲ್ವಾ? ಕೆರೆಯ ದಡದಲ್ಲಿ ಆ ಬೇಸಿಗೆಯೆಲ್ಲ ಅವರೂ ಓಡಿದ್ದಾರೆ.

## ಆಟದ ಆಚೆಗೆ

ಆಟ ಬಿಟ್ಟ ಮೇಲೆ ಏನು ಮಾಡಿದ್ರು? ವೃತ್ತಿಪರ ತಂಡ ಸೇರಿದ್ರಾ?

ಇಲ್ಲ. 1908ರಲ್ಲಿ ವೈದ್ಯಕೀಯ ಪದವಿ ಪಡೆದು ಡಾಕ್ಟರ್ ಆದರು. ಮೊದಲ ಮಹಾಯುದ್ಧದಲ್ಲಿ ಸೇನೆಯಲ್ಲಿದ್ದರು. ಯುದ್ಧದ ನಂತರ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಪರವಾಗಿ ಯುರೋಪಿನಲ್ಲಿ ಕೆಲಸ ಮಾಡಿದರು. ಅಮೆರಿಕಕ್ಕೆ ವಲಸೆ ಹೊರಟವರ ಆರೋಗ್ಯ ತಪಾಸಣೆ ಮಾಡುವ ಕೆಲಸ ಅದು.

1920ರ ದಶಕದಲ್ಲಿ ಒಂದು ಸಣ್ಣ ಊರಿಗೆ ಬಂದು ನೆಲೆಸಿದರು. ಆ ಊರಿನ ಹೆಸರೂ ಸೇಂಟ್ ಲೂಯಿಸ್! ಆದರೆ ಇದು ಮಿಸ್ಸೌರಿಯ ದೊಡ್ಡ ನಗರವಲ್ಲ, ಮಿಷಿಗನ್ ರಾಜ್ಯದಲ್ಲಿ ಪೈನ್ ನದಿಯ ದಡದ ಪುಟ್ಟ ಊರು. ಇವೆರಡನ್ನು ಗೊಂದಲ ಮಾಡಿಕೊಂಡು ನನಗೆ ಬರೆದವರು ಹಲವರು. ಅಲ್ಲಿ ರೋಗಿಗಳನ್ನು ನೋಡಿದರು, ಕ್ಲಿನಿಕ್ ತೆರೆದರು. 1931ರಲ್ಲಿ ಒಮ್ಮೆ, 1937ರಲ್ಲಿ ಇನ್ನೊಮ್ಮೆ ಊರಿನ ಮೇಯರ್ ಆದರು. 1949ರ ಮಾರ್ಚ್‌ನಲ್ಲಿ ಫ್ಲಾರಿಡಾದಲ್ಲಿ ತೀರಿಕೊಂಡರು.

ಡಿಡಿಟಿ ವಿರುದ್ಧ ಮಾತಾಡಿದ್ದೂ ಇದೇ ರಾಬಿನ್ಸನ್ನಾ?

ಇದೇ ರಾಬಿನ್ಸನ್. ನನ್ನ ದೃಷ್ಟಿಯಲ್ಲಿ ಪಾಸ್ ಎಸೆದದ್ದಕ್ಕಿಂತ ಇದು ದೊಡ್ಡ ಕೆಲಸ.

ಡಿಡಿಟಿ ಎಂಬ ಕೀಟನಾಶಕದ ವಾಸನೆ ನಮ್ಮ ಹಳ್ಳಿಗಳ ಹಿರಿಯರಿಗೆ ನೆನಪಿದೆ. ಮಲೇರಿಯಾ ತಡೆಯಲು ಸರ್ಕಾರದವರು ಮನೆಮನೆಗೆ ಬಂದು ಗೋಡೆಗೆ ಹೊಡೆದು ಹೋಗುತ್ತಿದ್ದರು, ಬಿಳಿ ಕಲೆ ಉಳಿಯುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಅದನ್ನು ಹೊಲ, ತೋಟಗಳಿಗೆ ಲೆಕ್ಕವಿಲ್ಲದೆ ಸುರಿದರು. ಪವಾಡದ ಔಷಧಿ ಎಂದು ಎಲ್ಲರೂ ಕೊಂಡಾಡುತ್ತಿದ್ದ ಕಾಲ. ಆ 1940ರ ದಶಕದಲ್ಲೇ, ಕೃಷಿಯಲ್ಲಿ ಇದರ ಬಳಕೆ ಅಪಾಯ ಎಂದು ಎಚ್ಚರಿಸಿದ ಮೊದಲಿಗರಲ್ಲಿ ಡಾಕ್ಟರ್ ರಾಬಿನ್ಸನ್ ಒಬ್ಬರು. ಅಮೆರಿಕ ಅದನ್ನು ನಿಷೇಧಿಸಿದ್ದು 1972ರಲ್ಲಿ. ಅವರು ತೀರಿಕೊಂಡು ಅಷ್ಟು ಹೊತ್ತಿಗೆ 23 ವರ್ಷ.

ಅವರು ಎಲ್ಲಿ ನಿಂತು ಈ ಮಾತು ಹೇಳಿದರು ಎಂಬುದನ್ನೂ ನೋಡಬೇಕು. ಅವರು ಮೇಯರ್ ಆಗಿದ್ದ ಅದೇ ಊರಲ್ಲಿ, ಪೈನ್ ನದಿಯ ದಡದಲ್ಲಿ, ಡಿಡಿಟಿ ತಯಾರಿಸುವ ಕಾರ್ಖಾನೆ ಇತ್ತು. ಊರಿನ ಎಷ್ಟೋ ಮನೆಗಳಿಗೆ ಅನ್ನ ಕೊಡುತ್ತಿದ್ದ ಜಾಗ ಅದು. ಕಾರ್ಖಾನೆ 1978ರಲ್ಲಿ ಮುಚ್ಚಿತು. ನೆಲದಲ್ಲೂ ನದಿಯಲ್ಲೂ ವಿಷ ಉಳಿಯಿತು. ಕೇಂದ್ರ ಸರ್ಕಾರದ ಶುದ್ಧೀಕರಣ ಕೆಲಸ ದಶಕಗಟ್ಟಲೆ ನಡೆಯಿತು. ಇತ್ತೀಚಿನ ವರ್ಷಗಳಲ್ಲೂ ಆ ಕಾರ್ಖಾನೆ ಇದ್ದ ಜಾಗದ ಸುತ್ತಲಿನ ಅಂಗಳಗಳಲ್ಲಿ ರಾಬಿನ್ ಹಕ್ಕಿಗಳು ಸತ್ತು ಬೀಳುತ್ತಿದ್ದವು. ಪರೀಕ್ಷೆ ಮಾಡಿದಾಗ ಅವುಗಳ ಮಿದುಳಿನಲ್ಲಿ ಡಿಡಿಟಿ ಸಿಕ್ಕಿತು. ಮಣ್ಣಿನಲ್ಲಿದ್ದ ಎರೆಹುಳು ತಿಂದು ಸತ್ತಿದ್ದವು. ಆಮೇಲೆ ಆ ಮನೆಗಳ ಅಂಗಳದ ಮಣ್ಣನ್ನು ಅಗೆದು ತೆಗೆದು, ಬೇರೆ ಮಣ್ಣು ತುಂಬಿದರು.